ಅಗ್ಗದ ವ್ಯಾಗನ್ನುಗಳ ಅಚ್ಚುಕಟ್ಟು

ನನ್ನ ಬೇಸ್‌ಮೆಂಟಿನ ಕಪಾಟುಗಳಲ್ಲಿ ಸಾಲಾಗಿ ನಿಂತಿರುವ ಗೂಡ್ಸ್ ವ್ಯಾಗನ್ನುಗಳಲ್ಲಿ ಒಂದಕ್ಕೂ ಹರಾಜಿನಲ್ಲಿ ಬೆಲೆ ಬಾರದು. ಮಾಡೆಲ್ ರೈಲಿನ ಸಂಗ್ರಹದಲ್ಲಿ ಹೆಸರು ಮಾಡಿದ ಗೆಳೆಯರು ಮನೆಗೆ ಬಂದರೆ ಒಂದು ಸುತ್ತು ಕಣ್ಣಾಡಿಸಿ, ಮರ್ಯಾದೆಗೆ ತಲೆಯಾಡಿಸಿ, ಕಾಫಿ ಕುಡಿದು ಹೊರಡುತ್ತಾರೆ. ಅವರನ್ನು ದೂರುವಂತಿಲ್ಲ. ಹಿತ್ತಾಳೆಯಲ್ಲಿ ಕೈಯಿಂದ ಕಟ್ಟಿದ ಎಂಜಿನ್ನುಗಳನ್ನೂ ಪೊಟ್ಟಣ ಬಿಚ್ಚದ ಹಳೆಯ ಲಯೊನೆಲ್ ಸೆಟ್ಟುಗಳನ್ನೂ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡವರಿಗೆ ನನ್ನ ಟೈಕೋ, ಬ್ಯಾಕ್‌ಮನ್, ಲೈಫ್‌ಲೈಕ್ ವ್ಯಾಗನ್ನುಗಳು ಗುಜರಿಗೆ ಒಂದು ಮೆಟ್ಟಿಲು ಮೇಲಿನ ಸರಕು. 1950ರ ದಶಕದಿಂದ 1980ರ ದಶಕದವರೆಗೆ ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರುಗಳು ಕ್ರಿಸ್‌ಮಸ್ ಹತ್ತಿರವಾದಂತೆ ಇಂಥವನ್ನು ರಾಶಿ ಹಾಕಿ ಮಾರಿದವು. ಮಕ್ಕಳು ಜನವರಿಯವರೆಗೆ ಆಡಿದರು, ಆಮೇಲೆ ಅಟ್ಟಕ್ಕೆ ಹಾಕಿದರು. ಆ ಮಕ್ಕಳು ಮುದುಕರಾಗಿ, ಮನೆ ಖಾಲಿ ಮಾಡುವ ಹೊತ್ತಿಗೆ ಅವು ಅಟ್ಟದಿಂದ ಇಳಿದು ಅಂಗಳಕ್ಕೆ ಬಂದವು. ಅಂಗಳದಿಂದ ನನ್ನ ಮನೆಗೆ ಬಂದವು.

ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತೇವೆ. ಈ ವ್ಯಾಗನ್ನುಗಳ ವಿಷಯದಲ್ಲಿ ಆ ಮಾತು ಸಲ್ಲುವುದಿಲ್ಲ ಅನ್ನುವುದು ನನ್ನ ಅನುಭವ. ಇಲ್ಲಿ ಕಾಸು ಚಿಕ್ಕದು, ಕಜ್ಜಾಯ ದೊಡ್ಡದು. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ನನಗೆ ಕಾಣಿಸಿದ್ದು ನನ್ನ ಕಸುಬು.

ನಾನು ಡೈ, ಅಂದರೆ ಪ್ಲಾಸ್ಟಿಕ್ಕಿಗೆ ಆಕಾರ ಕೊಡುವ ಉಕ್ಕಿನ ಅಚ್ಚು, ಮಾಡುವವನು. ಹುಟ್ಟಿ ಬೆಳೆದದ್ದು ಬೀರೂರಿನಲ್ಲಿ, ಕಸುಬು ಕಲಿತದ್ದು ಬೆಂಗಳೂರಿನ ರಾಜಾಜಿನಗರದ ಜಿಟಿಟಿಸಿಯಲ್ಲಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಆ ಟೂಲ್ ರೂಮಿನಲ್ಲಿ ಮೊದಲು ಕೈಗೆ ಕೊಡುತ್ತಿದ್ದದ್ದು ಒಂದು ಅರ ಮತ್ತು ಒಂದು ಉಕ್ಕಿನ ತುಂಡು. ನಾಲ್ಕು ಮೈಯೂ ಚೌಕವಾಗುವವರೆಗೆ ಉಜ್ಜಬೇಕು. ಅಲ್ಲಿಂದ ಪೀಣ್ಯಕ್ಕೆ ಹೋಗಿ ಸ್ವಿಚ್ಚಿನ ಮುಚ್ಚಳ, ಪೆನ್ನಿನ ಕ್ಯಾಪು, ಟೇಪ್‌ರೆಕಾರ್ಡರಿನ ಗುಂಡಿ ಇವಕ್ಕೆಲ್ಲ ಇಂಜೆಕ್ಷನ್ ಮೌಲ್ಡಿಂಗ್ ಡೈ ಮಾಡುತ್ತ ಯೌವನ ಕಳೆದೆ. 1997ರಲ್ಲಿ ದಕ್ಷಿಣ ನ್ಯೂಜೆರ್ಸಿಯ ಒಂದು ಮೌಲ್ಡ್ ಶಾಪಿಗೆ ಕೆಲಸಕ್ಕೆ ಬಂದೆ. ಅದೇ ವರ್ಷ ಟೈಕೋ ಕಂಪನಿ ಮ್ಯಾಟೆಲ್ ಎಂಬ ಆಟಿಕೆ ಕಂಪನಿಯ ಪಾಲಾಯಿತು. ಟೈಕೋ ಹುಟ್ಟಿ ಬೆಳೆದ ವುಡ್‌ಬರಿ ಹೈಟ್ಸ್ ನನ್ನ ಬಾಡಿಗೆ ಮನೆಯಿಂದ ಕಾರಿನಲ್ಲಿ ಬಲು ಹತ್ತಿರ. ಆಗ ಅದ್ಯಾವುದೂ ನನಗೆ ತಿಳಿದಿರಲಿಲ್ಲ.

ವಸಂತ ಬಂದರೆ ಇಲ್ಲಿನ ಬೀದಿಗಳಲ್ಲಿ ಯಾರ್ಡ್ ಸೇಲುಗಳ ಕಾಲ. ಹೊಸದಾಗಿ ಬಂದ ನಮ್ಮಂಥವರು ಕುಕ್ಕರು, ಕುರ್ಚಿ, ಮಗುವಿನ ಸೈಕಲ್ಲು ಹುಡುಕಿಕೊಂಡು ಶನಿವಾರ ಬೆಳಗ್ಗೆ ಹೊರಡುತ್ತಿದ್ದೆವು. ಅಂಥ ಒಂದು ಅಂಗಳದಲ್ಲಿ ಶೂ ಪೆಟ್ಟಿಗೆಯ ತುಂಬ ರೈಲು ಡಬ್ಬಿಗಳು. ಒಂದನ್ನು ಎತ್ತಿಕೊಂಡೆ. ಕಂದುಗೆಂಪು ಬಣ್ಣದ, ಪೆನ್ಸಿಲ್ವೇನಿಯಾ ರೈಲ್‌ರೋಡಿನ ಹೆಸರಿದ್ದ ಬಾಕ್ಸ್‌ಕಾರ್. ಡೈ ಮಾಡುವವರಿಗೆ ಒಂದು ಚಾಳಿ ಇದೆ. ಯಾವ ಪ್ಲಾಸ್ಟಿಕ್ ವಸ್ತು ಕೈಗೆ ಸಿಕ್ಕರೂ ಮುಖ ನೋಡುವ ಮೊದಲು ತಿರುವಿ ಹೊಟ್ಟೆ ನೋಡುತ್ತೇವೆ. ಪ್ಲಾಸ್ಟಿಕ್ ಎಲ್ಲಿಂದ ಒಳಗೆ ಹರಿಯಿತು, ಡೈಯಿಂದ ಯಾವ ಪಿನ್ನುಗಳು ಅದನ್ನು ಹೊರದಬ್ಬಿದವು, ಡೈಯ ಎರಡು ಭಾಗಗಳು ಎಲ್ಲಿ ಸೇರುತ್ತಿದ್ದವು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಮೈಗೂ ತಳಕ್ಕೂ ಸ್ಕ್ರೂ ಇರಲಿಲ್ಲ, ಎರಡೂ ಕೊಕ್ಕೆಯಿಂದ ಕಚ್ಚಿಕೊಂಡಿದ್ದವು. ಉಗುರಿನಿಂದ ತಳ ಬಿಡಿಸಿದೆ. ಒಳಗೆ ಒಂದು ಉಕ್ಕಿನ ಪಟ್ಟಿ, ತೂಕಕ್ಕೆ. ಅಷ್ಟೇ ಅದರ ಒಳಗುಟ್ಟು. ಪೆಟ್ಟಿಗೆಯನ್ನು ಪೂರ್ತಿ ಕೊಂಡೆ. ಹೆಂಡತಿ ಅದನ್ನು ಕುಕ್ಕರಿನ ಪಕ್ಕದಲ್ಲಿಟ್ಟು ಏನೂ ಮಾತಾಡಲಿಲ್ಲ.

ಎಚ್‌ಒ ಅಳತೆಯ ಮಾಡೆಲ್ಲು ನಿಜವಾದದ್ದರ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 40 ಅಡಿ ಉದ್ದದ ಬಾಕ್ಸ್‌ಕಾರ್ ಇಲ್ಲಿ ಐದೂವರೆ ಇಂಚಾಗಿ ಅಂಗೈಯಲ್ಲಿ ಕೂರುತ್ತದೆ. ಆ ಐದೂವರೆ ಇಂಚಿನ ಮೇಲೆ ರಿವೆಟ್ಟುಗಳ ಸಾಲು, ತಗಡಿನ ಬೆಸುಗೆಗಳು, ಬಾಗಿಲಿನ ಚಿಲಕ, ಛಾವಣಿಯ ಪಕ್ಕೆಲುಬುಗಳು ಎಲ್ಲವೂ ಇರುತ್ತವೆ. ಆಟಿಕೆಯ ಬೆಲೆಗೆ ಇಷ್ಟೆಲ್ಲ ಹೇಗೆ ಕೊಡುತ್ತಾರೆ ಎಂದು ಜನ ಅಚ್ಚರಿಪಡುತ್ತಾರೆ. ಡೈ ಮಾಡುವವನಿಗೆ ಅದು ಅಚ್ಚರಿಯಲ್ಲ. ಪ್ಲಾಸ್ಟಿಕ್ಕಿನ ಮೇಲೆ ಉಬ್ಬಿ ಕಾಣುವ ರಿವೆಟ್ಟು ಉಕ್ಕಿನಲ್ಲಿ ಒಂದು ಸಣ್ಣ ಕುಳಿ. ಒಮ್ಮೆ ಕೊರೆದರೆ ಮುಗಿಯಿತು. ಆಮೇಲೆ ಲಕ್ಷ ವ್ಯಾಗನ್ನು ಅಚ್ಚು ಹಾಕಿದರೂ ಆ ರಿವೆಟ್ಟಿಗೆ ಒಂದು ಪೈಸೆ ಹೆಚ್ಚು ಬೀಳುವುದಿಲ್ಲ. ಆದರೆ ಏಣಿಯ ಮೆಟ್ಟಿಲೊಂದನ್ನು ನಿಜವಾದದ್ದರಂತೆ ಗೋಡೆಯಿಂದ ದೂರ ನಿಲ್ಲಿಸಬೇಕೆಂದರೆ ಅದು ಬೇರೆ ತುಂಡಾಗಬೇಕು. ಬೇರೆ ತುಂಡಿಗೆ ಬೇರೆ ಕುಳಿ, ಬೇರೆ ತೂತು, ಅದನ್ನು ಕೂರಿಸಲು ಒಬ್ಬರ ಎರಡು ಕೈ. ಮೈಗೆ ಅಂಟಿದ ಉಬ್ಬು ಪುಕ್ಕಟೆ, ಬಿಡಿಯಾದ ತುಂಡು ದುಬಾರಿ. ಅಗ್ಗದ ವ್ಯಾಗನ್ನಿನ ಅರ್ಥಶಾಸ್ತ್ರವೆಲ್ಲ ಇಷ್ಟರಲ್ಲೇ ಅಡಗಿದೆ.

ಆದ್ದರಿಂದ ಟೈಕೋದ ಡೈಗಾರರು ಹಣವನ್ನೆಲ್ಲ ಗೋಡೆಯ ಮೇಲೆ ಸುರಿದರು. ಏಣಿ, ಹಿಡಿಕಂಬಿಗಳನ್ನು ಗೋಡೆಗೇ ಅಂಟಿಸಿದರು. ನಾಲ್ಕು ಪಕ್ಕವೂ ಛಾವಣಿಯೂ ಒಂದೇ ತುಂಡಾಗಿ ಬರಬೇಕಾದರೆ ಡೈ ಬರೀ ಮೇಲೆ ಕೆಳಗೆ ತೆರೆದರೆ ಸಾಲದು, ಪಕ್ಕಗಳಿಂದ ಸ್ಲೈಡುಗಳು ಸರಿಯಬೇಕು. ಅಂಥ ಡೈಗೆ ಖರ್ಚು ಜಾಸ್ತಿ. ಆದರೆ ಆಮೇಲಿನ ಜೋಡಣೆಯ ಕೂಲಿ ಉಳಿಯುತ್ತದೆ. ವ್ಯಾಗನ್ನಿನ ಮೂಲೆಗಳನ್ನು ದೀಪಕ್ಕೆ ಹಿಡಿದು ನೋಡಿದರೆ ಸ್ಲೈಡುಗಳು ಸೇರಿದ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಇನ್ನೊಂದು ಉಳಿತಾಯ ಬಣ್ಣದ್ದು. ಎಷ್ಟೋ ವ್ಯಾಗನ್ನುಗಳಿಗೆ ಬಣ್ಣವನ್ನೇ ಹೊಡೆದಿಲ್ಲ. ಪ್ಲಾಸ್ಟಿಕ್ಕೇ ಆ ಬಣ್ಣದ್ದು, ಮೇಲೆ ಅಕ್ಷರ ಮಾತ್ರ ಅಚ್ಚೊತ್ತಿದ್ದಾರೆ. ಹೀಗಾಗಿಯೇ ಕಿಟಕಿಯ ಪಕ್ಕ ವರ್ಷಗಟ್ಟಲೆ ಇದ್ದ ಬಿಳಿ ವ್ಯಾಗನ್ನು ಹಳದಿ ತಿರುಗಿರುತ್ತದೆ. ತಳದ ಚೌಕಟ್ಟಿನ ಒಂದೇ ಡೈ ಹಲವು ಬಗೆಯ ಮೈಗಳಿಗೆ ಒದಗುತ್ತದೆ. ಗಾಲಿಗಳ ಬೋಗಿಗೆ ಸ್ಕ್ರೂ ಬೇಡ, ತೂತಿಗೆ ಒತ್ತಿದರೆ ಕೂತಿತು. ಡಬ್ಬಿಗಳನ್ನು ಜೋಡಿಸುವ ಕಪ್ಲರು ಕೂರುವ ಗೂಡನ್ನೂ ಬೋಗಿಯ ಜೊತೆಗೇ ಅಚ್ಚು ಹಾಕಿದರು. ಅದರಿಂದ ಒಂದು ತುಂಡು ಉಳಿಯಿತು. ಜೊತೆಗೆ ಮಕ್ಕಳ ಸೆಟ್ಟಿನ ಬಿಗಿ ತಿರುವಿನಲ್ಲೂ ವ್ಯಾಗನ್ನು ಹಳಿ ಬಿಡದೆ ತಿರುಗುವ ಹಾಗಾಯಿತು.

ಇದನ್ನೆಲ್ಲ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಇಲ್ಲಿ ಯಾರೂ ಕಾಟಾಚಾರಕ್ಕೆ ಕೆಲಸ ಮಾಡಿಲ್ಲ. ಕೈಯಲ್ಲಿರುವ ಕಾಸಿನಲ್ಲಿ ಏನನ್ನು ಕೊಡಬೇಕು, ಏನನ್ನು ಬಿಡಬೇಕು ಎಂದು ಕೂತು ಯೋಚಿಸಿದ್ದಾರೆ. ಎಲ್ಲವನ್ನೂ ಕೊಡುವುದು ಸುಲಭ, ಹಣವಿದ್ದರೆ ಆಯಿತು. ಬಿಡುವುದಕ್ಕೆ ಬುದ್ಧಿ ಬೇಕು. ಪೀಣ್ಯದಲ್ಲಿ ನಾನು ಮಾಡುತ್ತಿದ್ದದ್ದೂ ಅದೇ ಕೆಲಸ. ಹಾಗಾಗಿ ಹೆಸರೇ ಗೊತ್ತಿಲ್ಲದ ಆ ಡೈಗಾರರೊಂದಿಗೆ ನನಗೆ ಒಂದು ಬಗೆಯ ಸಲಿಗೆ ಬೆಳೆಯಿತು.

ಅವರು ಕೆಲಸ ಮಾಡಿದ ಕಂಪನಿಗಳ ಚರಿತ್ರೆಯನ್ನು ನಿಧಾನವಾಗಿ ಓದಿಕೊಂಡೆ. ಜಾನ್ ಟೈಲರ್ ಎಂಬಾತ 1926ರಲ್ಲಿ ಮ್ಯಾಂಟುವಾ ಮೆಟಲ್ ಪ್ರಾಡಕ್ಟ್ಸ್ ಶುರು ಮಾಡಿದ. ಮೊದಲು ಲೋಹದ ಕಿಟ್ಟುಗಳು. ತಾಳ್ಮೆಯಿರುವ ದೊಡ್ಡವರು ಮನೆಯಲ್ಲಿ ಕೂತು ಜೋಡಿಸಬೇಕಾದವು. 1950ರ ದಶಕದಲ್ಲಿ ಡಬ್ಬದಿಂದ ತೆಗೆದು ನೇರ ಹಳಿಯ ಮೇಲಿಡುವ ರೈಲುಗಳನ್ನು ಟೈಕೋ ಎಂಬ ಹೆಸರಿನಲ್ಲಿ ತಂದರು. 1970ರಲ್ಲಿ ಅದನ್ನು ಕೊಂಡದ್ದು ಕನ್ಸಾಲಿಡೇಟೆಡ್ ಫುಡ್ಸ್, ಮುಂದೆ ಸಾರಾ ಲೀ ಎಂದು ಹೆಸರು ಬದಲಿಸಿಕೊಂಡ ಆಹಾರ ಕಂಪನಿ. ಕೇಕು ಮಾರುವವರ ಕೈಯಲ್ಲಿ ರೈಲು. ಆ ದಶಕದಲ್ಲೇ ತಯಾರಿಕೆ ಹಾಂಗ್‌ಕಾಂಗಿನ ಕಡೆಗೆ ಸರಿಯಿತು.

ಬ್ಯಾಕ್‌ಮನ್ ಇನ್ನೂ ಹಳಬ. 1833ರಲ್ಲಿ ಫಿಲಡೆಲ್ಫಿಯಾದಲ್ಲಿ ಛತ್ರಿ, ಊರುಗೋಲುಗಳಿಗೆ ದಂತದ ಹಿಡಿ ಮಾಡುವ ಅಂಗಡಿಯಾಗಿ ಹುಟ್ಟಿದ್ದು ಸೆಲ್ಯುಲಾಯ್ಡ್ ಬಾಚಣಿಗೆ, ಕನ್ನಡಕದ ಚೌಕಟ್ಟುಗಳಿಗೆ ತಿರುಗಿ, ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್‌ವಿಲ್ ಎಂಬ ಪುಟಾಣಿ ಮನೆಗಳನ್ನು ಮಾಡಿ, 1970ರಲ್ಲಿ ಎಚ್‌ಒ ರೈಲಿಗೆ ಬಂತು. ದಂತ ಹೋಗಿ ಸೆಲ್ಯುಲಾಯ್ಡ್, ಸೆಲ್ಯುಲಾಯ್ಡ್ ಹೋಗಿ ಪಾಲಿಸ್ಟೈರೀನ್: ನನ್ನ ಕಸುಬಿನ ಇತಿಹಾಸವೇ ಒಂದು ಕಂಪನಿಯ ಜಾತಕದಲ್ಲಿದೆ. ಬಾಲ್ಟಿಮೋರಿನ ಲೈಫ್‌ಲೈಕ್ ಮೊದಲಿಗೆ ಆಟದ ರೈಲಿಗೆ ಬೇಕಾಗುವ ಗಿಡಮರ, ಸುರಂಗ ಮಾಡುತ್ತಿತ್ತು. ಮುಂದೆ ವಾರ್ನಿ ಎಂಬ ಹಳೆಯ ಕಂಪನಿಯ ಡೈಗಳನ್ನು ಕೊಂಡು ರೈಲಿಗೂ ಇಳಿಯಿತು. 2005ರಲ್ಲಿ ಅದು ಮಿಲ್ವಾಕಿಯ ವಾಲ್ಥರ್ಸ್ ಕೈಸೇರಿತು. ಡೈಗಳ ಆಯುಷ್ಯ ಮಾಲೀಕರಿಗಿಂತ ದೊಡ್ಡದು. ಕಂಪನಿಗಳು ಮುಳುಗುತ್ತವೆ, ಉಕ್ಕಿನ ಗಟ್ಟಿಗಳು ಎಣ್ಣೆ ಬಳಿಸಿಕೊಂಡು ಇನ್ನೊಬ್ಬರ ಗೋದಾಮಿಗೆ ಹೋಗುತ್ತವೆ, ಅಲ್ಲಿ ಮತ್ತೆ ಬೇರೆ ಹೆಸರಿನಲ್ಲಿ ಅವೇ ರಿವೆಟ್ಟುಗಳನ್ನು ಹೆರುತ್ತವೆ.

ಅಗ್ಗದ ರೈಲಿನ ವಂಶದಲ್ಲಿ ಹಿರಿಯಜ್ಜ ಎಂದರೆ ಲೂಯಿ ಮಾರ್ಕ್ಸ್. 1919ರಲ್ಲಿ ಆಟಿಕೆ ವ್ಯಾಪಾರ ಶುರು ಮಾಡಿದ ಈತ 1955ರ ಡಿಸೆಂಬರಿನಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದ. ಪೆನ್ಸಿಲ್ವೇನಿಯಾದ ಜಿರಾರ್ಡ್ ಕಾರ್ಖಾನೆಯಲ್ಲಿ ಈತ ಮಾಡಿಸಿದ ಆರಿಂಚಿನ ತಗಡಿನ ವ್ಯಾಗನ್ನುಗಳು ನನ್ನ ಬಳಿ ಒಂದು ಕಪಾಟಿನಷ್ಟಿವೆ. ಚಪ್ಪಟೆ ತಗಡಿನ ಮೇಲೆ ಮೊದಲೇ ಎಲ್ಲ ಬಣ್ಣಗಳಲ್ಲಿ ಚಿತ್ರ ಮುದ್ರಿಸಿ, ಕತ್ತರಿಸಿ, ಮಡಿಸಿ, ನಾಲಗೆಯಂಥ ಪಟ್ಟಿಯನ್ನು ಸೀಳಿಗೆ ತೂರಿಸಿ ಬಗ್ಗಿಸಿದರೆ ವ್ಯಾಗನ್ನು ತಯಾರು. ಬೆಸುಗೆಯಿಲ್ಲ, ಸ್ಕ್ರೂ ಇಲ್ಲ. ಬಾಗಿಲು, ರಿವೆಟ್ಟು, ಏಣಿ ಎಲ್ಲ ಬರೀ ಚಿತ್ರ. ಆದರೂ ದೂರದಿಂದ ನೋಡಿದ ಮಗುವಿಗೆ ಅದು ಪೂರ್ತಿ ಗೂಡ್ಸ್ ಗಾಡಿ. ದೊಡ್ಡ ಮನೆತನದ ಲಯೊನೆಲ್ ಕೂಡ 1948ರಲ್ಲಿ ಸ್ಕೌಟ್ ಎಂಬ ಅಗ್ಗದ ಸಾಲನ್ನು ತಂದಿತು. ಆದರೆ ಆ ವ್ಯಾಗನ್ನುಗಳ ಕಪ್ಲರು ಲಯೊನೆಲ್ಲಿನದೇ ಬೇರೆ ವ್ಯಾಗನ್ನುಗಳಿಗೆ ಸೇರುತ್ತಿರಲಿಲ್ಲ. ಬಡವರ ಮನೆಯ ಹುಡುಗನ ಡಬ್ಬಿ ಪಕ್ಕದ ಮನೆಯ ಹುಡುಗನ ರೈಲಿಗೆ ಕೂಡಿಕೊಳ್ಳದು. ಅಗ್ಗದಲ್ಲಿ ಇದು ಕೆಟ್ಟ ಅಗ್ಗ ಅನ್ನುತ್ತೇನೆ.

ಇಷ್ಟು ಬಣ್ಣದ ವ್ಯಾಗನ್ನುಗಳು ಯಾಕೆ ಹುಟ್ಟಿದವು ಎಂಬ ಪ್ರಶ್ನೆ ಬೀರೂರಿನವನಾದ ನನ್ನನ್ನು ಬಹಳ ಕಾಡಿತು. ನಮ್ಮೂರು ಜಂಕ್ಷನ್. ಶಿವಮೊಗ್ಗದ ದಾರಿ ಅಲ್ಲಿ ಕವಲೊಡೆಯುತ್ತದೆ. ಭದ್ರಾವತಿಯ ಕಬ್ಬಿಣ ಹೊತ್ತ ಮೀಟರ್ ಗೇಜ್ ಗೂಡ್ಸುಗಳು ಸ್ಟೇಷನ್ನಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಆ ವ್ಯಾಗನ್ನುಗಳಿಗೆ ಇದ್ದದ್ದು ಒಂದೇ ಬಣ್ಣ, ಮಾಸಿದ ಕಾವಿಯ ಕೆಂಪು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್ ಮೂರೂ ಸೇರಿ ಸದರ್ನ್ ರೈಲ್ವೆ ಆದ ಮೇಲೆ ಬೇರೆ ಬಣ್ಣಕ್ಕೆ ಕಾರಣವೂ ಉಳಿದಿರಲಿಲ್ಲ. ಅಮೆರಿಕದಲ್ಲಿ ರೈಲು ಸರ್ಕಾರದ್ದಲ್ಲ. ಹತ್ತಾರು ಖಾಸಗಿ ಕಂಪನಿಗಳು, ಪ್ರತಿಯೊಂದಕ್ಕೂ ತನ್ನ ಹಳಿ, ತನ್ನ ಲಾಂಛನ. ಆದರೆ ವ್ಯಾಗನ್ನು ಮಾತ್ರ ಯಾರ ಹಳಿಯ ಮೇಲಾದರೂ ಹೋಗಬಹುದು. ಮೇನ್ ರಾಜ್ಯದಲ್ಲಿ ತುಂಬಿದ ಆಲೂಗಡ್ಡೆ ಬೇರೆ ಬೇರೆ ಕಂಪನಿಗಳ ಹಳಿ ದಾಟಿ ಅದೇ ವ್ಯಾಗನ್ನಿನಲ್ಲಿ ಊರು ಸೇರುತ್ತಿತ್ತು. ಹೀಗಾಗಿ ಒಂದೇ ಗೂಡ್ಸಿನಲ್ಲಿ ಇಪ್ಪತ್ತು ಕಂಪನಿಗಳ ಡಬ್ಬಿಗಳು ಬೆರೆತು ಓಡುವುದು ಇಲ್ಲಿ ಸಹಜವಾಗಿತ್ತು. ಆಟಿಕೆಯವರಿಗೆ ಇದು ಚಿನ್ನದ ಗಣಿಯಾಯಿತು. ಡೈ ಒಂದು, ಅಕ್ಷರದಚ್ಚು ಇಪ್ಪತ್ತು. ಮಗುವಿಗೆ ಇಪ್ಪತ್ತೂ ಬೇಕು.

ಆ ಇಪ್ಪತ್ತರ ಬೆನ್ನು ಹತ್ತಿದ ನನಗೆ ಅಮೆರಿಕದ ಭೂಗೋಳ ತಾನಾಗಿ ಬಂತು. ಕೆಂಪು, ಬಿಳಿ, ನೀಲಿ ಮೂರು ಪಟ್ಟೆಯ ಬಾಕ್ಸ್‌ಕಾರ್ ಬ್ಯಾಂಗರ್ ಅಂಡ್ ಅರೂಸ್ಟುಕ್ ಕಂಪನಿಯದು, ಮೇನ್ ರಾಜ್ಯದ ಹೆಸರು ಹೊತ್ತದ್ದು. ಕಿತ್ತಳೆ ಬಣ್ಣದ ರೀಫರ್ ವ್ಯಾಗನ್ನು ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್‌ನದು. 1906ರಲ್ಲಿ ಹುಟ್ಟಿದ ಆ ಕಂಪನಿ ಕ್ಯಾಲಿಫೋರ್ನಿಯಾದ ಹಣ್ಣು ತರಕಾರಿಯನ್ನು ಮಂಜುಗಡ್ಡೆಯ ತಂಪಿನಲ್ಲಿಟ್ಟು ಪೂರ್ವಕ್ಕೆ ತರುತ್ತಿತ್ತು. ಛಾವಣಿಯ ನಾಲ್ಕು ಮೂಲೆಯಲ್ಲಿರುವ ಪುಟ್ಟ ಮುಚ್ಚಳಗಳು ಮಂಜುಗಡ್ಡೆ ಸುರಿಯುವ ಬಾಯಿಗಳು. ರೀಡಿಂಗ್, ಲೀಹೈ ವ್ಯಾಲಿ ಹಾಪರುಗಳು ಪೆನ್ಸಿಲ್ವೇನಿಯಾದ ಕಲ್ಲಿದ್ದಲಿನ ಗಾಡಿಗಳು. ಮಲಗಿದ ಬೆಕ್ಕಿನ ಮರಿಯ ನೆರಳುಚಿತ್ರವಿರುವುದು ಚೆಸ್ಸಿ ಸಿಸ್ಟಮ್. ಆ ಬೆಕ್ಕು 1933ರಲ್ಲಿ ಚೆಸಪೀಕ್ ಅಂಡ್ ಒಹಾಯೋ ರೈಲ್ವೆಯ ಜಾಹೀರಾತಿಗೆ ಬಂದದ್ದು, ಮುಂದೆ ಕಂಪನಿಯ ಗುರುತೇ ಆಯಿತು. ಸೋಪು, ಬಿಯರು, ಮಾಂಸದ ಜಾಹೀರಾತು ಹೊತ್ತ ಬಣ್ಣಬಣ್ಣದ ರೀಫರುಗಳನ್ನು ಆಟಿಕೆ ಕಂಪನಿಗಳು ಬಹಳ ಇಷ್ಟಪಟ್ಟವು. ನಿಜದಲ್ಲಿ ಅಂಥ ಜಾಹೀರಾತು ವ್ಯಾಗನ್ನುಗಳನ್ನು ಅಮೆರಿಕದ ವಾಣಿಜ್ಯ ಆಯೋಗ 1934ರಲ್ಲೇ ನಿಷೇಧಿಸಿತ್ತು. ಆಟಿಕೆಯ ಲೋಕದಲ್ಲಿ ಆ ನಿಷೇಧ ಜಾರಿಯಾಗಲೇ ಇಲ್ಲ.

ನನಗೆ ಹೆಚ್ಚು ಪಾಠ ಹೇಳಿದ್ದು ಪೆನ್ ಸೆಂಟ್ರಲ್ ಹೆಸರಿನ ಹಸಿರು ವ್ಯಾಗನ್ನು. ಒಂದು ಕಾಲಕ್ಕೆ ಪರಸ್ಪರ ಮುಖ ನೋಡದ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗಳು 1968ರ ಫೆಬ್ರುವರಿಯಲ್ಲಿ ಒಂದಾಗಿ ಪೆನ್ ಸೆಂಟ್ರಲ್ ಆದವು. 1970ರ ಜೂನಿನಲ್ಲಿ ದಿವಾಳಿ. ಅಲ್ಲಿಯವರೆಗೆ ಅಮೆರಿಕ ಕಂಡ ದೊಡ್ಡ ದಿವಾಳಿ ಅದು. 1976ರ ಏಪ್ರಿಲ್ 1ಕ್ಕೆ ಅದನ್ನೂ ರೀಡಿಂಗ್, ಲೀಹೈ ವ್ಯಾಲಿ, ಎರಿ ಲ್ಯಾಕವಾನಾ ಮೊದಲಾದ ಸೋತ ಕಂಪನಿಗಳನ್ನೂ ಸೇರಿಸಿ ಸರ್ಕಾರ ಕಾನ್‌ರೇಲ್ ಕಟ್ಟಿತು. ಪ್ರತಿ ಸಲವೂ ಹಳೆಯ ವ್ಯಾಗನ್ನಿನ ಮೇಲೆ ಹೊಸ ಹೆಸರು ಬಳಿದು ಓಡಿಸಿದರು. ಆಟಿಕೆ ಕಂಪನಿ ಮಾಡಿದ್ದೂ ಅದನ್ನೇ: ಮೈ ಅದೇ, ಹೆಸರು ಬೇರೆ. ನಿಜವಾದ ರೈಲಿಗೂ ಅಗ್ಗದ ಮಾಡೆಲ್ಲಿಗೂ ಇಷ್ಟು ಹತ್ತಿರದ ಹೋಲಿಕೆ ಗಾಜಿನ ಬೀರುವಿನ ಯಾವ ದುಬಾರಿ ಮಾಡೆಲ್ಲಿನಲ್ಲೂ ನಾನು ಕಂಡಿಲ್ಲ. ಕಾನ್‌ರೇಲ್ ಕೂಡ 1999ರಲ್ಲಿ ಎರಡು ಕಂಪನಿಗಳ ನಡುವೆ ಹಂಚಿಹೋಯಿತು. ಆಗ ನಾನು ನ್ಯೂಜೆರ್ಸಿಯಲ್ಲಿದ್ದೆ. ಕೆಲಸಕ್ಕೆ ಹೋಗುವ ದಾರಿಯ ಗೇಟಿನಲ್ಲಿ ಕಾನ್‌ರೇಲಿನ ನೀಲಿ ಎಂಜಿನ್ನುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದನ್ನು ಕಾರಿನಲ್ಲಿ ಕೂತು ನೋಡಿದ್ದೇನೆ.

ಯಾರ್ಡ್ ಸೇಲುಗಳಿಂದ ಟ್ರೈನ್ ಶೋಗಳಿಗೆ ಬಡ್ತಿ ಸಿಕ್ಕಿತು. ಮೇರಿಲ್ಯಾಂಡಿನ ಟಿಮೋನಿಯಮ್, ಜನವರಿಯ ಚಳಿಯಲ್ಲಿ ನಡೆಯುವ ಮ್ಯಾಸಚೂಸೆಟ್ಸಿನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್ನಿನವರು ಸೇರುವ ಪೆನ್ಸಿಲ್ವೇನಿಯಾದ ಯಾರ್ಕ್. ಅಲ್ಲಿ ಮೇಜಿನ ಮೇಲೆ ಬೆಲೆಯುಳ್ಳವು, ಮೇಜಿನ ಕೆಳಗೆ ನನ್ನವು. ರಟ್ಟಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ, ಎರಡು ಮೂರು ಡಾಲರಿಗೆ ಒಂದು. ಮೊಣಕಾಲೂರಿ ಕೂರದೆ ಅವು ಸಿಗುವುದಿಲ್ಲ. ಹಾಗೆ ಕೂತವರಲ್ಲಿ ಹೆಚ್ಚಿನವರು ಹತ್ತು ವರ್ಷದ ಒಳಗಿನವರು, ಇಲ್ಲವೇ ಅರವತ್ತು ದಾಟಿದವರು.

ಒಮ್ಮೆ ಹಾಗೆ ಪೆಟ್ಟಿಗೆ ಜಾಲಾಡುತ್ತಿದ್ದಾಗ ಪಕ್ಕದಲ್ಲಿದ್ದ ವೃದ್ಧರು ನಾನು ವ್ಯಾಗನ್ನಿನ ಮೂಲೆಯನ್ನು ದೀಪಕ್ಕೆ ಹಿಡಿಯುವುದನ್ನು ನೋಡಿ, ಟೂಲ್ ರೂಮಿನವರಾ ಎಂದು ಕೇಳಿದರು. ಅವರೂ ಬದುಕೆಲ್ಲ ಡೈ ಮಾಡಿದವರು. ಪ್ಯಾಂಟೋಗ್ರಾಫ್ ಯಂತ್ರದಲ್ಲಿ ದೊಡ್ಡ ಮಾದರಿಯ ಮೇಲೆ ಮುಳ್ಳು ಓಡಿಸಿ ಉಕ್ಕಿನಲ್ಲಿ ಅದನ್ನು ಪುಟ್ಟದಾಗಿ ಕೊರೆಯುವುದು, ಉಕ್ಕಿಗೆ ಹೊಳಪು ಕೊಡಲು ವಾರಗಟ್ಟಲೆ ಉಜ್ಜುವುದು, ಒಂದು ಡೈ ಬಿರುಕು ಬಿಟ್ಟ ರಾತ್ರಿ ನಿದ್ದೆ ಬಾರದಿರುವುದು ಇವೆಲ್ಲ ಇಬ್ಬರಿಗೂ ಗೊತ್ತಿದ್ದ ಸಂಗತಿಗಳು. ಮಧ್ಯಾಹ್ನದವರೆಗೆ ಮಾತಾಡಿದೆವು. ಅಮೆರಿಕಕ್ಕೆ ಬಂದ ಮೇಲೆ ಹೊರಗಿನವನು ಎಂಬ ಭಾವ ನನ್ನಲ್ಲಿ ಪೂರ್ತಿ ಇಲ್ಲವಾದ ಮೊದಲ ಮಧ್ಯಾಹ್ನ ಅದು.

ಮಕ್ಕಳು ಆಡಿದ ವ್ಯಾಗನ್ನು ಎಂದರೆ ಗಾಯಗಳಿರಲೇಬೇಕು. ತಳದಲ್ಲಿ ಬಾಲ್‌ಪೆನ್ನಿನಿಂದ ಕೆತ್ತಿದ ಹೆಸರು, ಅಣ್ಣತಮ್ಮಂದಿರ ಡಬ್ಬಿ ಬೆರೆಯದಂತೆ ಬಳಿದ ನೇಲ್ ಪಾಲಿಶ್ ಚುಕ್ಕೆ, ರೇಡಿಯೇಟರಿನ ಪಕ್ಕ ಇಟ್ಟು ಸೊಟ್ಟಗಾದ ಛಾವಣಿ, ಮುರಿದ ನಡೆಹಲಗೆ. ನಾನು ಹೆಸರುಗಳನ್ನು ಅಳಿಸುವುದಿಲ್ಲ. ಓಡಲು ಬೇಕಾದಷ್ಟು ಮಾತ್ರ ರಿಪೇರಿ ಮಾಡುತ್ತೇನೆ. ಅಗ್ಗದ ವ್ಯಾಗನ್ನಿನ ಮುಖ್ಯ ಕಾಯಿಲೆ ತೂಕ ಸಾಲದಿರುವುದು. 1935ರಿಂದ ಇರುವ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ನಿನ ಲೆಕ್ಕದಲ್ಲಿ ಎಚ್‌ಒ ವ್ಯಾಗನ್ನಿಗೆ ಒಂದು ಔನ್ಸು, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸು ಇರಬೇಕು. ಆರಿಂಚಿನದಕ್ಕೆ ನಾಲ್ಕು ಔನ್ಸು, ಸುಮಾರು 113 ಗ್ರಾಂ. ಕಡಿಮೆ ಬಿದ್ದದ್ದನ್ನು ಒಳಗೆ ನಟ್ಟು, ಉಕ್ಕಿನ ಚೂರು ಅಂಟಿಸಿ ಸರಿಮಾಡುತ್ತೇನೆ. ಕೊಳೆ ಹಿಡಿಯುವ ಪ್ಲಾಸ್ಟಿಕ್ ಗಾಲಿ ತೆಗೆದು ಲೋಹದ ಗಾಲಿ ಹಾಕುತ್ತೇನೆ.

ಕಪ್ಲರಿನ ಬಗ್ಗೆ ಮಾತ್ರ ನಾನು ಇನ್ನೂ ನನ್ನೊಂದಿಗೇ ಜಗಳವಾಡುತ್ತೇನೆ. ಈ ವ್ಯಾಗನ್ನುಗಳಲ್ಲಿ ಇರುವುದು ಹಾರ್ನ್‌ಹುಕ್ ಎಂಬ ಕೊಂಬಿನಾಕಾರದ ಕೊಕ್ಕೆ. ಲೈಸೆನ್ಸ್ ಶುಲ್ಕವಿಲ್ಲದೆ ಯಾರು ಬೇಕಾದರೂ ಮಾಡಬಹುದಾಗಿದ್ದರಿಂದ ಎಲ್ಲ ಕಂಪನಿಗಳೂ ಅದನ್ನೇ ಹಿಡಿದವು. ಟೈಕೋದ ಡಬ್ಬಿ ಬ್ಯಾಕ್‌ಮನ್ನಿನ ಡಬ್ಬಿಗೆ ಕೂಡಿಕೊಂಡಿತು. ನೋಡಲು ನಿಜವಾದದ್ದರ ಹಾಗಿಲ್ಲ. ರೈಲನ್ನು ಹಿಂದಕ್ಕೆ ತಳ್ಳಿದರೆ ಪಕ್ಕಕ್ಕೆ ಒತ್ತಿ ಹಳಿ ತಪ್ಪಿಸುತ್ತದೆ. ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಅವಳಿಗಳು ಕಟ್ಟಿದ ಕೇಡೀ ಕಂಪನಿಯ ಅಯಸ್ಕಾಂತದಿಂದ ಬಿಚ್ಚುವ ಕಪ್ಲರು ಎಲ್ಲ ರೀತಿಯಲ್ಲೂ ಮೇಲು. ಓಡಿಸುವ ವ್ಯಾಗನ್ನುಗಳಿಗೆ ಅದನ್ನು ಹಾಕಿದ್ದೇನೆ. ಆದರೂ ಪ್ರತಿ ಬಗೆಯಲ್ಲಿ ಒಂದೊಂದನ್ನು ಕೊಂಬಿನ ಸಮೇತ ಹಾಗೇ ಬಿಟ್ಟಿದ್ದೇನೆ. ಬಡವರ ಡಬ್ಬಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿದ ಆ ಕುರೂಪಿ ಕೊಕ್ಕೆಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಇಷ್ಟು ಹೊಗಳಿದ ಮೇಲೆ ಅಗ್ಗದ ಇನ್ನೊಂದು ಮುಖವನ್ನೂ ಹೇಳಬೇಕು. ಬ್ಯಾಕ್‌ಮನ್ 1980ರ ದಶಕದಲ್ಲಿ ಹಾಂಗ್‌ಕಾಂಗಿನ ಕೇಡರ್ ಸಮೂಹದ ಕೈಸೇರಿತು. ಅದೇ ಸಮೂಹದ ಪಾಲಿದ್ದ, ಬ್ಯಾಂಕಾಕ್ ಹತ್ತಿರದ ಗೊಂಬೆ ಕಾರ್ಖಾನೆಗೆ 1993ರ ಮೇ 10ರಂದು ಬೆಂಕಿ ಬಿದ್ದು 188 ಜನ ಸತ್ತರು. ಬಹುಪಾಲು ಎಳೆಯ ಹೆಣ್ಣುಮಕ್ಕಳು. ಕಟ್ಟಡ ಕುಸಿಯಿತು, ಹೊರಗೆ ಓಡಲು ದಾರಿಗಳು ಸಾಲಲಿಲ್ಲ. ಅಲ್ಲಿ ಮಾಡುತ್ತಿದ್ದದ್ದು ರೈಲಲ್ಲ, ಮೆತ್ತನೆಯ ಬೊಂಬೆ, ಪ್ಲಾಸ್ಟಿಕ್ ಗೊಂಬೆ. ಆದರೆ ಅವು ಹೋಗುತ್ತಿದ್ದದ್ದು ಇದೇ ಅಂಗಡಿಗಳಿಗೆ, ಇದೇ ಕ್ರಿಸ್‌ಮಸ್ಸಿಗೆ. ಪೀಣ್ಯದಲ್ಲಿ ಸಂಜೆ ಗಾರ್ಮೆಂಟ್ ಕಾರ್ಖಾನೆ ಬಿಟ್ಟಾಗ ರಸ್ತೆ ತುಂಬಿ ನಡೆಯುತ್ತಿದ್ದ ಹೆಣ್ಣುಮಕ್ಕಳನ್ನು ನೋಡಿದವನಿಗೆ ಈ ಸುದ್ದಿ ದೂರದ್ದಾಗಿ ಕಾಣುವುದಿಲ್ಲ. ಡೈಗಾರನ ತಲೆಯಿಂದ ಬರುವ ಅಗ್ಗ ಬೇರೆ, ಕೂಲಿಯವರ ಪ್ರಾಣದಿಂದ ಹಿಂಡಿದ ಅಗ್ಗ ಬೇರೆ. ಮೊದಲನೆಯದನ್ನು ಮೆಚ್ಚುವವನು ಎರಡನೆಯದನ್ನು ಮರೆಯಬಾರದು. ಕಪಾಟಿನಲ್ಲಿ ಯಾವ ವ್ಯಾಗನ್ನು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ತಳದ ಅಚ್ಚಕ್ಷರ ಹೇಳುವುದಿಲ್ಲ.

ಇನ್ನು ಬೆಲೆಯ ವಿಚಾರ. 1957ರಲ್ಲಿ ಲಯೊನೆಲ್ ಹೆಣ್ಣುಮಕ್ಕಳಿಗೆಂದು ಗುಲಾಬಿ ಎಂಜಿನ್ನು, ತೆಳು ಬಣ್ಣದ ವ್ಯಾಗನ್ನುಗಳ ಸೆಟ್ಟು ತಂದಿತು. ಯಾರೂ ಕೊಳ್ಳಲಿಲ್ಲ. ಯಾರೂ ಕೊಳ್ಳದ್ದರಿಂದ ಅಪರೂಪವಾಯಿತು, ಅಪರೂಪವಾದ್ದರಿಂದ ಇವತ್ತು ಸಂಗ್ರಾಹಕರು ಅದಕ್ಕೆ ಮುಗಿಬೀಳುತ್ತಾರೆ. ಮಕ್ಕಳು ಒಲ್ಲೆನೆಂದದ್ದಕ್ಕೆ ದೊಡ್ಡವರ ಚಿನ್ನದ ಬೆಲೆ. ಮಕ್ಕಳು ಮುದ್ದಿಸಿ ಸವೆಸಿದ್ದಕ್ಕೆ ಎರಡು ಡಾಲರು. ಸಂಗ್ರಹದ ಮಾರುಕಟ್ಟೆ ಹೇಳುವ ನ್ಯಾಯ ಇದು. ಆ ನ್ಯಾಯದಿಂದ ನನಗೆ ಲಾಭವೇ ಆಗಿದೆ, ಅದಕ್ಕೇ ದೂರುವುದಿಲ್ಲ. ಇವತ್ತಿನ ಹೊಸ ವ್ಯಾಗನ್ನುಗಳಲ್ಲಿ ಪ್ರತಿ ಕಂಬಿಯೂ ಬಿಡಿಯಾಗಿದೆ, ಬ್ರೇಕಿನ ಕೊಳವೆ ಕೂಡ ಇದೆ. ಕೆಲಸ ಸೊಗಸು, ಒಪ್ಪುತ್ತೇನೆ. ಆದರೆ ಮುಟ್ಟಿದರೆ ಮುರಿಯುತ್ತದೆಂದು ಮಗುವಿನ ಕೈಗೆ ಕೊಡಲಾಗದು.

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆಗಳ ಮೆಟ್ಟಿಲ ಬುಡದಲ್ಲಿ ಸುತ್ತಲೂ ಹಳಿ ಹಾಕುವುದು ಹೆಂಡತಿಯದೇ ಯೋಚನೆ. ಕ್ರಿಸ್‌ಮಸ್ ಮರದ ಸುತ್ತ ಓಡಲೆಂದು ಹುಟ್ಟಿದ ರೈಲು ಈಗ ರಾಜ ರಾಣಿಯರನ್ನು ಸುತ್ತುತ್ತದೆ. ತೆರೆದ ಗೊಂಡೋಲಾ ವ್ಯಾಗನ್ನುಗಳಲ್ಲಿ ಚನ್ನಪಟ್ಟಣದ ಪುಟ್ಟ ಬುಗುರಿಗಳನ್ನು ತುಂಬುತ್ತೇವೆ. ಅರಿಶಿನ ಕುಂಕುಮಕ್ಕೆ ಬಂದವರ ಮಕ್ಕಳಿಗೆ ಕಂಟ್ರೋಲರ್ ಕೊಟ್ಟುಬಿಡುತ್ತೇನೆ. ಬೀಳಿಸುತ್ತಾರೆ, ಡಿಕ್ಕಿ ಹೊಡೆಸುತ್ತಾರೆ. ಒಂದು ಕೊಕ್ಕೆ ಮುರಿದರೆ ಬಿಡಿಭಾಗದ ಡಬ್ಬದಲ್ಲಿ ಇನ್ನೊಂದಿದೆ. ಗಾಜಿನ ಬೀರುವಿನವರು ಈ ಸಂಜೆಯನ್ನು ಎಷ್ಟು ದುಡ್ಡು ಕೊಟ್ಟೂ ಕೊಳ್ಳಲಾರರು.

ಹೊಸದಾಗಿ ಈ ಹುಚ್ಚು ಹಿಡಿಸಿಕೊಳ್ಳಬೇಕೆನ್ನುವವರಿಗೆ ನನ್ನ ಮಾತು ಇಷ್ಟೇ. ಹೂಡಿಕೆ ಎಂದು ಕೊಳ್ಳಬೇಡಿ. ಇವುಗಳ ಬೆಲೆ ಏರುವುದಿಲ್ಲ, ಏರದಿರುವುದೇ ಇವುಗಳ ಒಳ್ಳೆಯ ಗುಣ. ಒಂದೇ ಡೈಯಿಂದ ಬಂದ ಬೇರೆ ಬೇರೆ ಹೆಸರಿನ ವ್ಯಾಗನ್ನುಗಳನ್ನು ಕೂಡಿಸಿ, ಪ್ರತಿ ಹೆಸರಿನ ಹಿಂದಿನ ಊರನ್ನೂ ಸರಕನ್ನೂ ಓದಿಕೊಳ್ಳಿ. ತೂಕ ತುಂಬಿ, ಗಾಲಿ ಒರೆಸಿ, ಹಳಿಯ ಮೇಲೆ ಇಡಿ. ಮನೆಗೆ ಮಗು ಬಂದರೆ ಓಡಿಸಲು ಕೊಡಿ. ಇಷ್ಟಪಟ್ಟರೆ ಒಂದು ವ್ಯಾಗನ್ನನ್ನು ಕೈಗಿಟ್ಟು ಕಳಿಸಿ. ಇವನ್ನು ಮಾಡಿದ ಡೈಗಾರರು ಬಯಸಿದ್ದು ಅಷ್ಟನ್ನೇ.